ಮೊದಲ ಸಲ ಯುವ ನಾಯಕತ್ವ ಶಿಬಿರಕ್ಕೆ ಹೊರಟವರಿಗೆ ಏನು ಹೇಳುತ್ತೀರಿ?

ಪ್ರಶ್ನೆ: ಶುಕ್ರವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗೆ ನಡೆಯುವ ಯುವ ನಾಯಕತ್ವ ಶಿಬಿರಕ್ಕೆ ಕಾಲೇಜಿನಿಂದ ಆಯ್ಕೆಯಾಗಿದ್ದೇನೆ. ಹತ್ತು ಜನರ ನಡುವೆ ಬಾಯಿ ಬಿಡೋದೇ ಕಷ್ಟ. ಅಲ್ಲಿ ಏನೇನು ನಡೆಯುತ್ತೆ? ಏನು ತಯಾರಿ ಬೇಕು? ವಾಪಸ್ ಬಂದ ಮೇಲೆ ಎಲ್ಲ ಮರೆತುಹೋಗದ ಹಾಗೆ ಏನು ಮಾಡಬೇಕು? ಹೋಗಿ ಬಂದವರು, ನಡೆಸುವವರು ದಯವಿಟ್ಟು ವಿವರವಾಗಿ ಹೇಳಿ.

ಶಿಬಿರ ನಡೆಸುವವರೊಬ್ಬರು:

ಇಂಥ ಶಿಬಿರಗಳ ಕ್ರಮ ಹೆಚ್ಚುಕಮ್ಮಿ ಒಂದೇ. ಶುಕ್ರವಾರ ಪರಿಚಯ, ನಿಯಮ, ತಂಡ ಹಂಚಿಕೆ. ಶನಿವಾರ ಇಡೀ ದಿನ ಚಟುವಟಿಕೆ ಮತ್ತು ಚರ್ಚೆ. ಭಾನುವಾರ ಮುಂದಿನ ಯೋಜನೆ ಬರೆದು ಎಲ್ಲರೆದುರು ಹೇಳೋದು.

ಮೊದಲ ಸಂಜೆ ತಂಡದ ಎಲ್ಲರ ಹೆಸರು ಕಲಿತರೆ ಸಾಕು. ಕೂತಿರುವ ಕ್ರಮದಲ್ಲೇ ನೋಟ್‌ಬುಕ್ಕಿನಲ್ಲಿ ಒಂದು ವೃತ್ತ ಬರೆದು ಹೆಸರು ತುಂಬಿಕೊಳ್ಳಿ. ಮಾರನೇ ದಿನ ಹೆಸರು ಹಿಡಿದು ಕರೆದರೆ ನಿಮ್ಮ ಮಾತಿಗೆ ಜನ ತಾವಾಗಿಯೇ ತಿರುಗುತ್ತಾರೆ.

ಚಟುವಟಿಕೆಗಳಲ್ಲಿ ಮಾರ್ಷ್‌ಮೆಲೋ ಗೋಪುರ ಬಹಳ ಕಡೆ ಇರುತ್ತೆ (ಮಾರ್ಷ್‌ಮೆಲೋ ಅಂದರೆ ಮೆತ್ತನೆಯ ಒಂದು ಸಿಹಿ ತಿನಿಸು). ವಿನ್ಯಾಸಕ ಪೀಟರ್ ಸ್ಕಿಲ್‌ಮನ್ ರೂಪಿಸಿದ್ದು, ಟಾಮ್ ವೂಜೆಕ್ ಜನಪ್ರಿಯಗೊಳಿಸಿದ್ದು. ಒಣ ಸ್ಪಾಗೆಟ್ಟಿ ಕಡ್ಡಿ (ಶಾವಿಗೆಯಂಥ ಉದ್ದನೆಯ ಪಾಸ್ತಾ) 20, ಸುಮಾರು 90 ಸೆಂ.ಮೀ. ಟೇಪ್, ಅಷ್ಟೇ ಉದ್ದದ ದಾರ, ಒಂದು ಮಾರ್ಷ್‌ಮೆಲೋ. 18 ನಿಮಿಷದಲ್ಲಿ ತನ್ನಷ್ಟಕ್ಕೆ ನಿಲ್ಲುವ ಗೋಪುರ ಕಟ್ಟಿ, ತುದಿಯಲ್ಲಿ ಮಾರ್ಷ್‌ಮೆಲೋ ಕೂರಿಸಬೇಕು. ಎಡವೋದು ಹೀಗೆ: ಚರ್ಚೆಯಲ್ಲಿ ಕಾಲು ಭಾಗ ಹೋಗುತ್ತೆ, ಎತ್ತರ ಏರಿಸೋದರಲ್ಲಿ ಉಳಿದದ್ದು, ಕೊನೇ ನಿಮಿಷದಲ್ಲಿ ಮಾರ್ಷ್‌ಮೆಲೋ ಇಡ್ತಾರೆ, ಗೋಪುರ ಬಾಗಿ ಬೀಳುತ್ತೆ. ಕೈಯಲ್ಲಿ ಹಗುರ ಅನ್ನಿಸಿದ್ದು ಒಣ ಕಡ್ಡಿಯ ತುದಿಗೆ ಭಾರವೇ. ಬಿಸಿನೆಸ್ ಸ್ಕೂಲಿನಿಂದ ಹೊರಬಂದವರಿಗಿಂತ ಶಿಶುವಿಹಾರದ ಮಕ್ಕಳು ಇದನ್ನು ಚೆನ್ನಾಗಿ ಮಾಡ್ತಾರೆ ಅಂತ ವೂಜೆಕ್ ತೋರಿಸಿದ್ದಾರೆ. ಕಾರಣ, ಮಕ್ಕಳು ಮೊದಲೇ ಮಾರ್ಷ್‌ಮೆಲೋ ಇಟ್ಟು ನೋಡ್ತಾರೆ, ಬಿದ್ದರೆ ಮತ್ತೆ ಕಟ್ಟುತ್ತಾರೆ. ಐದನೇ ನಿಮಿಷದೊಳಗೆ ಮೂರು ಕಾಲಿನ ಗಿಡ್ಡ ಗೋಪುರದ ಮೇಲೆ ಒಮ್ಮೆ ಇಟ್ಟು ನೋಡಿ, ಆಮೇಲೆ ಎತ್ತರಿಸಿ.

ಆದರೆ ಶಿಬಿರದ ತಿರುಳು ಆಟದಲ್ಲಿಲ್ಲ, ಆಟ ಮುಗಿದ ಮೇಲಿನ ಮಾತುಕತೆಯಲ್ಲಿದೆ. ಅಲ್ಲಿ ಕೇಳೋದು ಮೂರು: ಏನಾಯ್ತು, ಯಾಕಾಯ್ತು, ಮುಂದಿನ ಸಲ ಏನು ಬದಲಿಸ್ತೀರಿ? ‘ಚೆನ್ನಾಗಿತ್ತು, ಒಗ್ಗಟ್ಟು ಕಲಿತೆವು’ ಅಂದರೆ ಯಾರಿಗೂ ಏನೂ ದಕ್ಕಲ್ಲ. ‘ಹತ್ತನೇ ನಿಮಿಷದಲ್ಲಿ ಇಬ್ಬರು ಬೇರೆ ಬೇರೆ ಬುಡ ಕಟ್ಟೋಕೆ ಶುರು ಮಾಡಿದ್ರು, ಯಾರೂ ತಡೆಯಲಿಲ್ಲ, ಅರ್ಧ ಟೇಪ್ ಖಾಲಿಯಾಯ್ತು’ ಅನ್ನಿ. ಹಾಗೆ ಹೇಳಬೇಕಾದರೆ ಆಟದ ನಡುವೆಯೇ ಗಮನಿಸಿರಬೇಕು. ಕಡಿಮೆ ಮಾತಾಡುವವರಿಗೆ ಈ ಕೆಲಸ ಚೆನ್ನಾಗಿ ಒಗ್ಗುತ್ತೆ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ತಂಡದಲ್ಲಿ ಜಟಾಪಟಿ ಶುರುವಾದರೆ ಗಾಬರಿ ಬೇಡ. ಗುಂಪೊಂದು ಕೂಡಿಕೊಳ್ಳುವುದು, ತಿಕ್ಕಾಡುವುದು, ಒಂದು ರೀತಿನೀತಿಗೆ ಬರುವುದು, ಕೆಲಸಕ್ಕಿಳಿಯುವುದು ಎಂಬ ನಾಲ್ಕು ಹಂತಗಳನ್ನು ಮನೋವಿಜ್ಞಾನಿ ಬ್ರೂಸ್ ಟಕ್‌ಮನ್ 1965ರಲ್ಲೇ ಗುರುತಿಸಿದ್ದರು. ತಿಕ್ಕಾಟ ಎರಡನೇ ಮೆಟ್ಟಿಲು, ಅಷ್ಟೇ.

ವಿದ್ಯಾರ್ಥಿ ಸಂಘದ ಸಂಚಾಲಕರು:

ಮೇಲಿನವರು ಗಮನಿಸಿ ಅಂದದ್ದು ಸರಿ. ಆದರೆ ಎರಡು ದಿನವೂ ಬರೀ ಗಮನಿಸುತ್ತಾ ಕೂತರೆ ಭಾನುವಾರ ಬಂದುಬಿಡುತ್ತೆ. ಮಾತು ಕಡಿಮೆ ಇರುವವರು ಮೊದಲ ಚಟುವಟಿಕೆಯಲ್ಲೇ ‘ಸಮಯ ನಾನು ನೋಡ್ಕೋತೀನಿ’ ಅಂತ ಕೈ ಎತ್ತಬೇಕು. ‘ಅರ್ಧ ಸಮಯ ಆಯ್ತು’, ‘ಇನ್ನು ಐದು ನಿಮಿಷ, ಒಂದು ತೀರ್ಮಾನಕ್ಕೆ ಬರೋಣವಾ?’ ಈ ಮಾತಿಗೆ ಯಾರೂ ಎದುರಾಡಲ್ಲ, ತಂಡದ ದಿಕ್ಕೂ ನಿಮ್ಮ ಕೈಗೆ ಬರುತ್ತೆ. ಎರಡನೇ ಚಟುವಟಿಕೆಯಲ್ಲಿ ಬೋರ್ಡಿನ ಮೇಲೆ ಬರೆಯುವ ಕೆಲಸ ಕೇಳಿ. ಬರೆಯುವವರು ‘ಇದನ್ನ ಹೀಗೆ ಬರೀಲಾ?’ ಅಂತ ಕೇಳಲೇಬೇಕಾಗುತ್ತೆ, ಮಾತು ತಾನಾಗಿ ಬರುತ್ತೆ.

ಇಬ್ಬರು ಮೂವರೇ ಇಡೀ ಚರ್ಚೆ ನುಂಗುತ್ತಿದ್ದರೆ 6-3-5 ಪದ್ಧತಿ ಮಾಡೋಣ ಅನ್ನಿ. 1968ರಲ್ಲಿ ಬರ್ನ್ಡ್ ರೋರ್ಬಾಖ್ ಪ್ರಕಟಿಸಿದ್ದು. 6 ಜನ, ತಲಾ ಒಂದು ಹಾಳೆ, 5 ನಿಮಿಷಕ್ಕೆ 3 ಐಡಿಯಾ. ಹಾಳೆ ಪಕ್ಕದವರಿಗೆ ದಾಟಿಸಿ, ಅವರದ್ದನ್ನು ಓದಿ ಮುಂದುವರಿಸೋದು. ಆರು ಸುತ್ತಿಗೆ 30 ನಿಮಿಷ, 108 ಐಡಿಯಾ. ಸಮಯ ಇಲ್ಲದಿದ್ದರೆ ಎರಡೇ ಸುತ್ತು ಮಾಡಿ. ಬರೆಯುವಾಗ ಯಾರೂ ಮಾತಾಡಬಾರದು, ಇಲ್ಲದಿದ್ದರೆ ಗಟ್ಟಿ ದನಿಯವರ ಐಡಿಯಾನೇ ಎಲ್ಲ ಹಾಳೆಗೂ ಇಳಿಯುತ್ತೆ.

ಹೋಗಿ ಬಂದ ವಿದ್ಯಾರ್ಥಿನಿ:

ಸಾಮಾನು: ದಪ್ಪ ರಟ್ಟಿನ ನೋಟ್‌ಬುಕ್ (ನೆಲದ ಮೇಲೆ ಕೂತು ಬರೀಬೇಕಾಗುತ್ತೆ), ಎರಡು ಪೆನ್ನು, ನೀರಿನ ಬಾಟಲಿ, ಓಡಾಡೋಕೆ ಆಗುವ ಶೂ, ದಿನನಿತ್ಯದ ಔಷಧಿ ಇದ್ದರೆ ಒಂದು ದಿನದ್ದು ಹೆಚ್ಚಿಗೆ. ಅಲರ್ಜಿ, ಆಸ್ತಮಾ ಇದ್ದರೆ ನೋಂದಣಿ ಅರ್ಜಿಯಲ್ಲಿ ಬರೆದಿದ್ದರೂ ತಲುಪಿದ ತಕ್ಷಣ ಬಾಯಿಬಿಟ್ಟು ಹೇಳಿ. ಅರ್ಜಿ ಕಚೇರಿಯ ಫೈಲಿನಲ್ಲಿ ಇರುತ್ತೆ, ನಿಮ್ಮ ಜೊತೆ ಮೈದಾನದಲ್ಲಿ ಇರೋದು ಬೇರೆಯವರು. ಶುಕ್ರವಾರ ರಾತ್ರಿ ಹರಟೆಯಲ್ಲಿ ನಿದ್ದೆಗೆಟ್ಟರೆ ಶನಿವಾರ ಊಟದ ನಂತರದ ಅವಧಿ ಪೂರ್ತಿ ಹೋಯ್ತು ಅಂತಲೇ ಲೆಕ್ಕ.

ಯುವಜನರ ಆಪ್ತಸಮಾಲೋಚಕರು:

ಯಾರೂ ಹೇಳದ ಒಂದು ವಿಷಯ ಸೇರಿಸುತ್ತೇನೆ. ಒಬ್ಬರು ಬೆನ್ನು ಹಿಂದಾಗಿ ಬೀಳುವುದು, ಉಳಿದವರು ಅವರನ್ನು ಹಿಡಿಯುವುದು ಎಂಬ ಆಟವನ್ನು ಎತ್ತರದ ಕಟ್ಟೆಯಿಂದ ಮಾಡಿಸಿದರೆ ಬೇಡ ಅನ್ನಿ. ಬೀಳುವವರ ಮೊಣಕೈ ಹಿಡಿಯುವವರ ಮುಖಕ್ಕೆ ಬಡಿಯುತ್ತೆ, ಸಾಲು ಸಡಿಲವಾದರೆ ತಲೆಯೇ ಮೊದಲು ನೆಲಕ್ಕೆ ತಾಗುತ್ತೆ. ಕಣ್ಣಿಗೆ ಬಟ್ಟೆ ಕಟ್ಟುವ ಆಟದಲ್ಲಿ ಕಣ್ಣು ಬಿಟ್ಟ ಒಬ್ಬರು ಪಕ್ಕದಲ್ಲಿ ಇರಲೇಬೇಕು. ರಾತ್ರಿಯ ‘ಮನಸ್ಸು ಬಿಚ್ಚಿ ಮಾತಾಡೋಣ’ ಸುತ್ತಿನಲ್ಲಿ ಹಳೆಯ ಗಾಯ ತೋರಿಸಲೇಬೇಕೆಂಬ ನಿಯಮ ಎಲ್ಲೂ ಇಲ್ಲ. ‘ನಾನು ಈ ಸುತ್ತು ಕೇಳಿಸಿಕೊಳ್ತೀನಿ’ ಅಂದರೆ ಸಾಕು, ಕಾರಣ ಕೊಡಬೇಕಿಲ್ಲ. ಬೇರೆಯವರು ಹೇಳಿಕೊಂಡದ್ದನ್ನು ಕಾಲೇಜಿಗೆ ಹೊತ್ತು ತರಬೇಡಿ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ. ಅಕಸ್ಮಾತ್ ನನ್ನನ್ನೇ ತಂಡದ ನಾಯಕ ಅಂತ ಮಾಡಿಬಿಟ್ಟರೆ?

ವಿದ್ಯಾರ್ಥಿ ಸಂಘದ ಸಂಚಾಲಕರು:

ಮೊದಲ ಎರಡು ನಿಮಿಷ ಕೆಲಸ ಹಂಚಿ, ಹೆಸರು ಹೇಳಿ ಹಂಚಿ. ‘ಯಾರಾದ್ರೂ ದಾರ ಕತ್ತರಿಸಿ’ ಅಂದರೆ ಯಾರೂ ಕತ್ತರಿಸಲ್ಲ. ಹಗ್ಗ ಎಳೆಯುವ ಪ್ರಯೋಗದಲ್ಲಿ ಎಂಟು ಜನ ಒಟ್ಟಿಗೆ ಎಳೆದಾಗ ಒಬ್ಬೊಬ್ಬರ ಪಾಲಿನ ಬಲ ಅರ್ಧಕ್ಕೆ ಇಳಿದದ್ದನ್ನು ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗೆಲ್‌ಮನ್ 1913ರಲ್ಲಿ ಪ್ರಕಟಿಸಿದ್ದರು. ಎಳೆತ ಒಂದೇ ಕ್ಷಣಕ್ಕೆ ಕೂಡದೇ ಹೋಗೋದು ಅದಕ್ಕೊಂದು ಕಾರಣ, ಉಳಿದವರು ಎಳೀತಾರೆ ಬಿಡು ಅನ್ನೋದು ಇನ್ನೊಂದು. ಹೆಸರು ಹೇಳಿದರೆ ಎರಡನೆಯದು ತಗ್ಗುತ್ತೆ. ಹಾಗಂತ ಎಲ್ಲವನ್ನೂ ನೀವೇ ಆಜ್ಞೆ ಮಾಡಬೇಡಿ. ಹುಡುಗರ ಗುಂಪುಗಳ ಮೇಲೆ ಮನೋವಿಜ್ಞಾನಿ ಕರ್ಟ್ ಲೆವಿನ್ ತಂಡ ನಡೆಸಿ 1939ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಜ್ಞೆ ಮಾಡುವ ನಾಯಕ ಕೋಣೆಯಿಂದ ಹೊರಗೆ ಹೋದ ಕೂಡಲೇ ಹುಡುಗರ ಕೆಲಸ ಕುಸಿಯಿತು. ಕೂಡಿ ತೀರ್ಮಾನಿಸಿದ ಗುಂಪು ಕೆಲಸ ಮುಂದುವರಿಸಿತು.

ಶಿಬಿರ ನಡೆಸುವವರು:

ಮರೆಯೋದರ ಬಗ್ಗೆ ಕೇಳಿದ್ದಿರಿ. ಭಾನುವಾರದ ಯೋಜನೆಗಳು ಬಹುತೇಕ ಸಾಯೋದು ಅವು ದೊಡ್ಡವಾಗಿರೋದರಿಂದ. ‘ಕಾಲೇಜಿನಲ್ಲಿ ಪರಿಸರ ಜಾಗೃತಿ ಮೂಡಿಸುತ್ತೇನೆ’ ಅನ್ನೋದು ಯೋಜನೆಯಲ್ಲ. ‘ಬುಧವಾರ ಕೊನೇ ತರಗತಿ ಮುಗಿದ ತಕ್ಷಣ ಪ್ರಾಂಶುಪಾಲರ ಬಳಿ ಹೋಗಿ, ಎರಡು ಕಸದ ಡಬ್ಬಿ ಬೇರೆ ಬೇರೆ ಇಡೋಕೆ ಅನುಮತಿ ಕೇಳ್ತೀನಿ’ ಅನ್ನೋದು ಯೋಜನೆ. ದಿನ, ಹೊತ್ತು, ಜಾಗ, ಮೊದಲ ಹೆಜ್ಜೆ ನಾಲ್ಕೂ ಇರಲಿ. ಒಂದು ತಿಂಗಳಲ್ಲಿ ಮುಗಿಯುವಷ್ಟೇ ಇರಲಿ. ತಂಡದಲ್ಲಿ ಒಬ್ಬರನ್ನು ಜೊತೆಗಾರರನ್ನಾಗಿ ಹಿಡಿದು, ಮುಂದಿನ ಭಾನುವಾರ ಇಷ್ಟು ಗಂಟೆಗೆ ಹತ್ತು ನಿಮಿಷ ಫೋನ್ ಅಂತ ಅಲ್ಲೇ ಗೊತ್ತು ಮಾಡಿಕೊಳ್ಳಿ. ಬಸ್ಸು ಹತ್ತಿದ ಮೇಲೆ ಅದನ್ನು ಗೊತ್ತು ಮಾಡುವವರಿಲ್ಲ.