ಐ-ಟು-ಪಿ ಕ್ಯಾಲಿಬ್ರೇಷನ್: 20 ಮಿಲಿಆಂಪ್ ಕೊಟ್ಟರೂ 15 ಪಿಎಸ್‌ಐ ಬರುತ್ತಿಲ್ಲ, ಸ್ಪ್ಯಾನ್ ತಿರುಗಿಸಲಾ?

ಮಂಡ್ಯ_ಲೂಪ್
ಎಲ್ಲರಿಗೂ ನಮಸ್ಕಾರ. ಮಂಡ್ಯದ ಹತ್ತಿರ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ಕೆಲಸ ನನ್ನದು. ಕಬ್ಬು ಅರೆಯೋದು ಶುರುವಾಗುವ ಮೊದಲು ಕಂಟ್ರೋಲ್ ವಾಲ್ವ್‌ಗಳನ್ನೆಲ್ಲ ಒಂದು ಸುತ್ತು ನೋಡುತ್ತಿದ್ದೇವೆ. ಜ್ಯೂಸ್ ಹೀಟರ್ ಸ್ಟೀಮ್ ವಾಲ್ವಿನ ಐ-ಟು-ಪಿ (ಮಿಲಿಆಂಪ್ ಸಿಗ್ನಲನ್ನು ಗಾಳಿ ಒತ್ತಡವಾಗಿ ಬದಲಿಸುವ ಸಾಧನ) ತಲೆ ತಿನ್ನುತ್ತಿದೆ. ಕ್ಯಾಲಿಬ್ರೇಟರ್‌ನಿಂದ 4 ಮಿಲಿಆಂಪ್ ಕೊಟ್ಟರೆ 2.8 ಪಿಎಸ್‌ಐ, 12ಕ್ಕೆ 8.5, 20ಕ್ಕೆ 14.2. ಇಳಿಸುವಾಗ ಮಾತ್ರ 12ಕ್ಕೆ 8.9 ತೋರಿಸುತ್ತದೆ. 3ರಿಂದ 15 ಬರಬೇಕಲ್ವಾ? ಸಪ್ಲೈ ಗಾಳಿ 20 ಪಿಎಸ್‌ಐ ಇದೆ. ಸ್ಕ್ರೂ ಇನ್ನೂ ಮುಟ್ಟಿಲ್ಲ.

ಹೆಬ್ಬಾಳ_ಟೆಕ್
ಮುಟ್ಟದೇ ಇದ್ದದ್ದು ಒಳ್ಳೇದಾಯ್ತು. ಈಗ ಬಂದ ರೀಡಿಂಗ್ ಮೊದಲು ಹಾಳೆಯಲ್ಲಿ ಬರೆದಿಡಿ. ಮೈಸೂರಲ್ಲಿ ನಮ್ಮ ಕಡೆ ಮಾಡೋದು ಹೀಗೆ: ಔಟ್‌ಪುಟ್ ಟ್ಯೂಬನ್ನು ವಾಲ್ವಿನಿಂದ ಬಿಡಿಸಿ ನೇರ ಟೆಸ್ಟ್ ಗೇಜಿಗೆ ಹಾಕ್ತೀವಿ, ಇಲ್ಲದಿದ್ದರೆ ಎಲ್ಲೋ ಸೋರುವ ಫಿಟ್ಟಿಂಗಿನ ತಪ್ಪನ್ನು ಐ-ಟು-ಪಿ ಮೇಲೆ ಹಾಕಿಬಿಡ್ತೀವಿ. ಆಮೇಲೆ 4ರಲ್ಲಿ ಝೀರೋ ಸ್ಕ್ರೂ (ಕೆಳಗಿನ ತುದಿಗೆ), 20ರಲ್ಲಿ ಸ್ಪ್ಯಾನ್ ಸ್ಕ್ರೂ (ಮೇಲಿನ ತುದಿಗೆ). ಒಂದು ತಿರುಗಿಸಿದರೆ ಇನ್ನೊಂದು ಜರುಗುತ್ತದೆ, ಎರಡೂ ನಿಲ್ಲುವ ತನಕ ಹಿಂದೆ ಮುಂದೆ ಹೋಗ್ತಾ ಇರಬೇಕು.

ಗಾಳಿ_ಲೈನ್
ತಮ್ಮಾ, ಸ್ವಲ್ಪ ತಡಿ, ಸ್ಕ್ರೂಡ್ರೈವರ್ ಕೆಳಗಿಡು. ನಿನ್ನ ಸಂಖ್ಯೆಗಳನ್ನು ಇನ್ನೊಂದು ಸಲ ನೋಡು. 1 ಕೆಜಿ ಪ್ರತಿ ಚದರ ಸೆಂ.ಮೀ. ಅಂದರೆ 14.22 ಪಿಎಸ್‌ಐ. 0.2 ಅಂದರೆ 2.84. ನಡುವಿನ 0.6 ಅಂದರೆ 8.53. ನಿನಗೆ ಏರುವಾಗ ಬಂದದ್ದು ಸರಿಯಾಗಿ ಇದೇ! ಆ ಐ-ಟು-ಪಿ ಕೆಟ್ಟಿಲ್ಲ, ಅದು 0.2ರಿಂದ 1 ಕೆಜಿಗೆ ಸೆಟ್ ಆಗಿದೆ, ನೀನು ಪಿಎಸ್‌ಐ ಗೇಜಿನಲ್ಲಿ ಓದುತ್ತಿದ್ದೀಯ. ನಮ್ಮ ಹಳೇ ಪ್ಲಾಂಟ್‌ಗಳಲ್ಲಿ ಪಿಎಸ್‌ಐ, ಬಾರ್, ಕೆಜಿ ಮೂರೂ ಒಂದೇ ಅಂತ ಮಾತಾಡ್ತಾರೆ. ಅಲ್ಲವೇ ಅಲ್ಲ.

ಈಗ ಸುಮ್ನೆ 3–15ಕ್ಕೆ ಎಳೆದರೆ ಏನಾಗುತ್ತದೆ ಯೋಚಿಸು. ಮುಂದಿನ ಪೊಸಿಷನರ್ (ಆ ಒತ್ತಡಕ್ಕೆ ತಕ್ಕಂತೆ ವಾಲ್ವನ್ನು ಸರಿಸುವ ಸಾಧನ) 0.2–1 ಕೆಜಿಯದ್ದಾಗಿದ್ದರೆ ವಾಲ್ವ್ ಸುಮಾರು 19 ಮಿಲಿಆಂಪಿಗೇ ಪೂರ್ತಿ ತೆರೆದಿರುತ್ತದೆ. ಅದಕ್ಕಿಂತ ಕೆಟ್ಟದ್ದು ಕೆಳಗಿನ ತುದಿ: 4 ಮಿಲಿಆಂಪಿಗೆ 3 ಪಿಎಸ್‌ಐ ಹೋದರೆ ಪೊಸಿಷನರಿಗೆ 2.84ಕ್ಕಿಂತ ಜಾಸ್ತಿ ಸಿಕ್ಕಿತು, ವಾಲ್ವ್ ಪೂರ್ತಿ ಮುಚ್ಚದೇ ಹೋಗಬಹುದು, ಸ್ಟೀಮ್ ಹೀಟರಿಗೆ ನುಸುಳ್ತಾ ಇರುತ್ತದೆ. ಆಪರೇಟರ್ ಸ್ಕ್ರೀನಿನಲ್ಲಿ ಸೊನ್ನೆ ನೋಡಿಕೊಂಡು ನಂಬಿರುತ್ತಾನೆ. ಐ-ಟು-ಪಿ, ಪೊಸಿಷನರ್ ಎರಡರ ನೇಮ್‌ಪ್ಲೇಟನ್ನೂ ಓದು, ಎರಡೂ ಒಂದೇ ಯೂನಿಟ್ ಹೇಳಬೇಕು.

ಇಳಿಯುವಾಗಿನ 8.9 ಮಾತ್ರ ನಿಜವಾದ ತೊಂದರೆ. ಮೇಲಿನಿಂದ ಬರುವಾಗ ಗಾಳಿ ಹೊರಗೆ ಹೋಗಲು ದಾರಿ ಬೇಕು. ವೆಂಟ್ ತೂತಿನಲ್ಲಿ ಬಗಾಸ್ (ಕಬ್ಬಿನ ಸಿಪ್ಪೆ) ಧೂಳು ಕೂತಿದೆಯಾ, ಕಣಜ ಮಣ್ಣು ಮೆತ್ತಿದೆಯಾ ನೋಡು. ಫಿಲ್ಟರ್ ರೆಗ್ಯುಲೇಟರಿನ ಕೆಳಗಿನ ಡ್ರೇನ್ ಬಿಡು. ನೀರು, ಎಣ್ಣೆ ಬಂದರೆ ಐ-ಟು-ಪಿ ಒಳಗಿನ ನಾಝಲ್ ಹತ್ತಿರವೂ ಅದೇ ಇರಬಹುದು. ಮತ್ತೆ ಓದುವಾಗ 12 ದಾಟಿ ಹಿಂದೆ ಬರಬೇಡ. ದಾಟಿದರೆ ಪೂರ್ತಿ ವಾಪಸ್ ಹೋಗಿ ಅದೇ ದಿಕ್ಕಿನಿಂದ ಬಾ.

ಮಂಡ್ಯ_ಲೂಪ್
ಅಣ್ಣಾ, ಧನ್ಯವಾದ. ಎರಡೂ ಪ್ಲೇಟಿನಲ್ಲಿ 0.2–1 ಕೆಜಿ ಅಂತಲೇ ಇದೆ, ಪೊಸಿಷನರಿನದು ಪೇಂಟ್ ಕೆಳಗೆ ಮುಚ್ಚಿಹೋಗಿತ್ತು. ಡ್ರೇನ್ ಬಿಟ್ಟರೆ ನೀರು ಧಾರೆಯಾಗಿ ಬಂತು. ವೆಂಟ್ ಕ್ಲೀನ್ ಮಾಡಿದ ಮೇಲೆ ಇಳಿಯುವಾಗ 8.6. ಅಷ್ಟು ಸಾಕಾ?

ಗಾಳಿ_ಲೈನ್
ಸ್ಪ್ಯಾನ್, ಅಂದರೆ 2.84ರಿಂದ 14.22ರ ತನಕದ ಅಂತರ, ಸುಮಾರು 11.4 ಪಿಎಸ್‌ಐ; ಏರುವಾಗಿನ 8.5ಕ್ಕೂ ಇದಕ್ಕೂ ವ್ಯತ್ಯಾಸ 0.1. ಒಂದು ಪರ್ಸೆಂಟಿಗಿಂತ ಕಡಿಮೆ, ಸ್ಟೀಮ್ ವಾಲ್ವಿಗೆ ಸಾಕು. 8, 16 ಮಿಲಿಆಂಪಿನಲ್ಲೂ ಏರಿಸಿ ಇಳಿಸಿ ನೋಡಿಬಿಡು. ಆದರೆ ಅಷ್ಟು ನೀರು ಬಂತು ಅಂದರೆ ಕಂಪ್ರೆಸರ್ ಡ್ರೈಯರ್ ಗಾಳಿಯನ್ನು ಸರಿಯಾಗಿ ಒಣಗಿಸುತ್ತಿಲ್ಲ ಅಂತ ಕಾಣುತ್ತೆ, ಹಂಗಾಮು ಶುರುವಾಗುವ ಮೊದಲು ಅದನ್ನು ಬಿಚ್ಚಿಸಿ ನೋಡಿಸು.