ಪುಟ್ಟಿ, ಏಳು ದೇಶ ಬೇಡ, ಎರಡು ಊರು ಸಾಕು

ಪುಟ್ಟಿ, ನೀನು ಬೆಳಿಗ್ಗೆ ಗ್ರೂಪಿನಲ್ಲಿ ಹಾಕಿದ್ದನ್ನು ಈಗ ನೋಡಿದೆ. ಎಂಬಿಬಿಎಸ್ ಇಂಟರ್ನ್‌ಶಿಪ್ ಮುಗಿಯಿತು, ಪಿಜಿ ಓದಿಗೆ ಸೇರುವ ಮುಂಚೆ ಸೆಪ್ಟೆಂಬರ್‌ನಲ್ಲಿ ಹತ್ತು ಹನ್ನೆರಡು ದಿನ ಒಬ್ಬಳೇ ಯುರೋಪಿಗೆ ಹೋಗುತ್ತೀನಿ, ಎಲ್ಲಿಗೆ ಹೋಗಲಿ ಅಂತ ಕೇಳಿದ್ದೀಯ. ಮಾವ ಏಳು ದೇಶದ ಟೂರ್ ಪ್ಯಾಕೇಜ್ ಕಳಿಸಿದ್ದಾರೆ. ನಿಮ್ಮಮ್ಮ ಪ್ಯಾರಿಸ್ ಬಿಡಬೇಡ ಅಂದಿದ್ದಾಳೆ. ನಂದು ಸ್ವಲ್ಪ ಉದ್ದ ಆಗುತ್ತೆ, ಊಟ ಮಾಡುತ್ತಾ ಕೇಳು.

ಮಾವ, ಬೇಜಾರು ಮಾಡ್ಕೋಬೇಡಿ. ನೀವೂ ಅತ್ತೆಯೂ ಹೋಗುವುದಾದರೆ ಆ ಪ್ಯಾಕೇಜ್ ಚೆನ್ನಾಗಿದೆ. ಇವಳದು ಬೇರೆ ಥರ. ಒಂದು ಬೋರ್ಡ್ ಕಂಡರೆ ನಿಂತು ಪೂರ್ತಿ ಓದುವ ಹುಡುಗಿ. ಇವಳನ್ನು ಬಸ್ಸಿನಲ್ಲಿ ಕೂರಿಸಿ ಇಪ್ಪತ್ತು ನಿಮಿಷದಲ್ಲಿ ವಾಪಸ್ ಬಾ ಅಂದರೆ ದುಡ್ಡೂ ಹೋಯಿತು, ರಜವೂ ಹೋಯಿತು.

ಪುಟ್ಟಿ, ನನ್ನ ಮಾತು ಕೇಳುವುದಾದರೆ ಉತ್ತರ ಇಟಲಿಗೆ ಹೋಗು. ಪಾದುವಾ ಮತ್ತು ಬೊಲೊನ್ಯಾ, ಎರಡೇ ಊರು. ಒಂದೇ ರೈಲು ಲೈನ್, ಪ್ಯಾಸೆಂಜರ್ ಗಾಡಿಯಲ್ಲಿ ಹೋದರೂ ಸುಮಾರು ಒಂದೂವರೆ ಗಂಟೆ. ಯಾಕೆ ಈ ಊರುಗಳು ಅಂದರೆ, ನೀನು ಐದೂವರೆ ವರ್ಷ ಓದಿದ್ದು ಎಷ್ಟೋ ಅಲ್ಲೇ ಶುರುವಾಗಿದ್ದು.

ಪಾದುವಾದ ವಿಶ್ವವಿದ್ಯಾಲಯ 1222ರದ್ದು. ಅದರ ಹಳೆಯ ಕಟ್ಟಡಕ್ಕೆ ಪಲಾಜೋ ಬೋ ಅನ್ನುತ್ತಾರೆ. ಅದರೊಳಗೆ ಮರದಲ್ಲಿ ಕಟ್ಟಿದ ಅನಾಟಮಿ ಥಿಯೇಟರ್ ಇದೆ, ಅಂದರೆ ಹೆಣ ಕೊಯ್ದು ತೋರಿಸಿ ಪಾಠ ಮಾಡುತ್ತಿದ್ದ ಜಾಗ, 1595ರದ್ದು. ಪ್ರಪಂಚದಲ್ಲಿ ಉಳಿದಿರುವ ಇಂಥ ಥಿಯೇಟರ್‌ಗಳಲ್ಲಿ ಅದೇ ಅತಿ ಹಳೆಯದು. ಮೊಟ್ಟೆಯಾಕಾರದಲ್ಲಿ ಆರು ಸುತ್ತು, ಒಂದರ ಮೇಲೊಂದು, ಮೇಲೆ ಹೋದಂತೆ ಅಗಲ ಆಗುತ್ತೆ. ವಿದ್ಯಾರ್ಥಿಗಳು ಕಟಕಟೆ ಹಿಡಿದು ನಿಂತೇ ನೋಡಬೇಕಿತ್ತು. ನಮ್ಮನ್ನು ಕೆಳಗಿನಿಂದ ಕರೆದುಕೊಂಡು ಹೋಗುತ್ತಾರೆ. ಅಂದರೆ ಹೆಣ ಮಲಗಿಸುತ್ತಿದ್ದ ಜಾಗದಿಂದ ಕತ್ತೆತ್ತಿ ಆ ಸುತ್ತುಗಳನ್ನು ನೋಡುತ್ತೀಯ. ನಾನು ಪಿಯುಸಿ ಮಕ್ಕಳಿಗೆ ಬಯಾಲಜಿ ಪಾಠ ಮಾಡಿದವಳು. ಅಲ್ಲಿ ನಿಂತಾಗ ನನಗೆ ಕಣ್ಣು ತುಂಬಿ ಬಂತು. ನೀನು ಡಿಸೆಕ್ಷನ್ ಹಾಲ್‌ನಲ್ಲಿ ನಿಂತವಳು, ನಿನಗೆ ಇನ್ನೂ ಜಾಸ್ತಿ ಅನಿಸುತ್ತೆ.

ಆ ಥಿಯೇಟರ್ ಕಟ್ಟಿಸಿದವನು ಅಲ್ಲಿನ ಅನಾಟಮಿ ಮೇಷ್ಟ್ರು ಫ್ಯಾಬ್ರಿಸಿಯಸ್. ವೇನ್‌ಗಳೊಳಗಿನ, ಅಂದರೆ ರಕ್ತವನ್ನು ಹೃದಯಕ್ಕೆ ವಾಪಸ್ ತರುವ ನಾಳಗಳೊಳಗಿನ, ವಾಲ್ವ್‌ಗಳ ಬಗ್ಗೆ 1603ರಲ್ಲಿ ಪುಸ್ತಕ ಬರೆದವನು. ಅವನ ಹತ್ತಿರ ಕಲಿತ ಒಬ್ಬ ಇಂಗ್ಲಿಷ್ ಹುಡುಗ ವಿಲಿಯಂ ಹಾರ್ವೆ, ಪಾದುವಾದಲ್ಲಿ 1602ರಲ್ಲಿ ಡಿಗ್ರಿ ತೆಗೆದುಕೊಂಡ. ಆ ವಾಲ್ವ್ ಯಾಕೆ ಒಂದೇ ಕಡೆಗೆ ತೆರೆಯುತ್ತೆ ಅಂತ ಯೋಚಿಸಿ, ರಕ್ತ ಸುತ್ತುತ್ತೆ ಅಂತ 1628ರಲ್ಲಿ ತೋರಿಸಿದ. ಆದರೆ ಹೃದಯದಿಂದ ರಕ್ತ ಒಯ್ಯುವ ಆರ್ಟರಿಯಿಂದ ವೇನ್‌ಗೆ ರಕ್ತ ಹೇಗೆ ದಾಟುತ್ತೆ ಅಂತ ಅವನು ಕಣ್ಣಾರೆ ನೋಡಲಿಲ್ಲ. ಅವನು ಸತ್ತ ನಾಲ್ಕು ವರ್ಷಕ್ಕೆ, 1661ರಲ್ಲಿ, ಬೊಲೊನ್ಯಾದ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅವೆರಡನ್ನು ಸೇರಿಸುವ ಕೂದಲಿಗಿಂತ ಸಣ್ಣ ನಾಳ, ಕ್ಯಾಪಿಲರಿ, ಕಂಡುಹಿಡಿದ. ಪ್ರಶ್ನೆ ಒಂದು ಊರಿಂದ ಹೊರಟಿತು, ಉತ್ತರ ಇನ್ನೊಂದು ಊರಿನವನಿಗೆ ಸಿಕ್ಕಿತು. ನೀನು ಆ ದಾರಿಯಲ್ಲೇ ರೈಲಿನಲ್ಲಿ ಹೋಗುತ್ತೀಯ. ಇದಕ್ಕೇ ನಾನು ಇಷ್ಟು ಹೇಳುತ್ತಿರುವುದು.

ಪಾದುವಾದಲ್ಲೇ ಇನ್ನೊಬ್ಬಳನ್ನು ನೋಡಿ ಬಾ. ಎಲೆನಾ ಕೊರ್ನಾರೋ ಪಿಸ್ಕೋಪಿಯಾ. 1678ರಲ್ಲಿ ಅಲ್ಲಿ ತತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಳು. ಅವಳು ಕೇಳಿದ್ದು ದೇವತಾಶಾಸ್ತ್ರದ್ದು, ಹೆಂಗಸಿಗೆ ಅದು ಸಲ್ಲದು ಅಂತ ಬಿಷಪ್ ಒಪ್ಪಲಿಲ್ಲ. ಪರೀಕ್ಷೆ ನೋಡಲು ಜನ ಎಷ್ಟು ಸೇರಿದರು ಅಂದರೆ ಅದನ್ನು ಕ್ಯಾಥೆಡ್ರಲ್‌ನಲ್ಲಿ ಮಾಡಬೇಕಾಯಿತು. ಅವಳ ಪ್ರತಿಮೆ ಪಲಾಜೋ ಬೋ ಮೆಟ್ಟಿಲ ಹತ್ತಿರ ಇದೆ.

ಬೊಲೊನ್ಯಾದಲ್ಲಿ ಪಲಾಜೋ ಪೊಜ್ಜಿ ಅನ್ನುವ ಮ್ಯೂಸಿಯಂ. ಗೈಡ್‌ಗಳು ಅದನ್ನು ಜಾಸ್ತಿ ಹೇಳುವುದಿಲ್ಲ, ನೀನು ಮಾತ್ರ ಬಿಡಬೇಡ. 18ನೇ ಶತಮಾನದ ಆನ್ನಾ ಮೊರಾಂದಿ ಮೇಣದಲ್ಲಿ ಮಾಡಿದ ಕಣ್ಣು, ಕಿವಿ, ಕೈಗಳು ಅಲ್ಲಿವೆ. ತನ್ನದೇ ಮೂರ್ತಿಯನ್ನೂ ಮಾಡಿಕೊಂಡಿದ್ದಾಳೆ. ಚೆನ್ನಾಗಿ ಸಿಂಗರಿಸಿಕೊಂಡು ಕೂತು ಮೆದುಳು ಕೊಯ್ಯುತ್ತಿದ್ದಾಳೆ! ಗಂಡನ ಮೂರ್ತಿಯೂ ಇದೆ, ಅವನ ಮುಂದೆ ಹೃದಯ. ಆ ಹೆಂಗಸಿನ ಮುಖದಲ್ಲಿರುವ ಧೈರ್ಯ ನೋಡಬೇಕು ಪುಟ್ಟಿ.

ಆರ್ಕಿಜಿನ್ನಾಜಿಯೋ ಅನ್ನುವ ಕಟ್ಟಡದಲ್ಲಿ ಬೊಲೊನ್ಯಾದ ಅನಾಟಮಿ ಥಿಯೇಟರ್ ಇದೆ. 1944ರ ಬಾಂಬ್ ದಾಳಿಯಲ್ಲಿ ಅದು ಪುಡಿಯಾಗಿತ್ತು. ಅವಶೇಷದಲ್ಲಿ ಸಿಕ್ಕ ಮರದ ತುಂಡುಗಳನ್ನು ಆರಿಸಿ ತೆಗೆದು ಮತ್ತೆ ಕಟ್ಟಿದರು. ಮೇಷ್ಟ್ರ ಪೀಠದ ಮೇಲಿನ ಚಾವಣಿಯನ್ನು ಹೊತ್ತು ನಿಂತಿರುವುದು ಚರ್ಮ ಸುಲಿದ ಎರಡು ಮರದ ಮನುಷ್ಯರು, ಒಂದೊಂದು ಸ್ನಾಯುವನ್ನೂ ಹೆಸರು ಹಿಡಿದು ಹೇಳಬಹುದು. ಹೊರಗೆ ಬಂದರೆ ಚೌಕದಲ್ಲಿ, ಕಪ್ಪೆ ಕಾಲಿನ ಮೇಲೆ ವಿದ್ಯುತ್ ಪ್ರಯೋಗ ಮಾಡಿದ ಗಾಲ್ವಾನಿಯ ಪ್ರತಿಮೆ, ಕೈಯಲ್ಲಿ ಕಪ್ಪೆ ಸಮೇತ.

ಆ ಊರಿನಲ್ಲಿ ಒಬ್ಬಳೇ ನಡೆಯುವುದೇ ಒಂದು ಸುಖ. ಬೀದಿಗಳ ಎರಡೂ ಕಡೆ ಕಂಬ ಕಮಾನುಗಳ ಮೊಗಸಾಲೆ, ನಮ್ಮ ಹಳೇ ಮನೆಗಳ ಜಗಲಿಯನ್ನು ಊರುದ್ದಕ್ಕೂ ಜೋಡಿಸಿದ ಹಾಗೆ. ಎಲ್ಲ ಸೇರಿದರೆ ಸುಮಾರು 62 ಕಿಲೋಮೀಟರ್. ಮಳೆ ಬಂದರೂ ಕೊಡೆ ಬೇಡ. ಸಾನ್ ಲೂಕಾ ಬೆಟ್ಟದ ಚರ್ಚಿನ ತನಕ ಹೀಗೇ ನೆರಳಲ್ಲಿ ಹತ್ತಬಹುದು, 666 ಕಮಾನು. ವಾಲಿರುವ ಗೋಪುರ ಗಾರಿಸೆಂಡಾ ಹತ್ತಿರ 2023ರಿಂದ ಬೇಲಿ ಹಾಕಿದ್ದಾರೆ, ದೂರದಿಂದ ನೋಡಿದರೆ ಸಾಕು.

ಊಟದ ವಿಷಯ ಅಮ್ಮನಿಗೆ ಚಿಂತೆ, ಅಲ್ವಾ? ಅಲ್ಲಿ ಹೂರಣ ತುಂಬಿದ ಪಾಸ್ತಾ ಜಾಸ್ತಿ. ತೊರ್ತೆಲ್ಲಿನಿ ಅಂದರೆ ಒಳಗೆ ಹಂದಿಮಾಂಸ. ತೊರ್ತೆಲ್ಲೋನಿ ಕೇಳು, ಅದರಲ್ಲಿ ಸಾಮಾನ್ಯವಾಗಿ ರಿಕೋಟಾ ಚೀಸ್ ಇರುತ್ತೆ. ಎರಡೂ ಊರಿನ ನಡುವೆ ಫೆರಾರಾದಲ್ಲಿ ಇಳಿದರೆ ಸಿಹಿಗುಂಬಳ ತುಂಬಿದ ಕಪ್ಪೆಲ್ಲಾಚ್ಚಿ ಪಾಸ್ತಾ ಸಿಗುತ್ತೆ, ಬೆಣ್ಣೆ ಹಾಕಿದ್ದು ಅಂತ ಹೇಳಿ ತರಿಸಿಕೋ. ಪಿಯದೀನಾ ರೊಟ್ಟಿ ನೋಡೋಕೆ ಚಪಾತಿ, ಆದರೆ ಹಿಟ್ಟಿಗೆ ಹಂದಿಕೊಬ್ಬು ಹಾಕಿರಬಹುದು, ವಿಚಾರಿಸು. ಪಾರ್ಮೆಸಾನ್ ಚೀಸ್‌ಗೂ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ತಿನ್ನೋದು ಬಿಡೋದು ನಿನಗೆ ಬಿಟ್ಟಿದ್ದು, ಗೊತ್ತಿದ್ದು ತಿನ್ನು.

ಅಕ್ಕಾ, ಮಗಳಿಗೆ ಪ್ಯಾರಿಸ್ ಬಿಡಬೇಡ ಅಂದೆಯಲ್ಲ, ನಿನಗೆ ಫೋಟೋಕ್ಕೆ ಹೆಸರಾದ ಊರು ಬೇಕಿದ್ದರೆ, ಪಾದುವಾದಿಂದ ವೆನಿಸ್ ಅರ್ಧ ಗಂಟೆ. ಬೆಳಿಗ್ಗೆ ಹೋಗಿ ರಾತ್ರಿ ವಾಪಸ್. ರೂಮ್ ಬಾಡಿಗೆಯೂ ಪಾದುವಾದಲ್ಲೇ ಕಡಿಮೆ. ಬೊಲೊನ್ಯಾದಿಂದ ಒಂದು ದಿನ ರವೆನ್ನಾಕ್ಕೆ ಹೋಗಲಿ. ಅಲ್ಲಿ ಗಾಲ್ಲಾ ಪ್ಲಾಸಿಡಿಯಾ ಸಮಾಧಿ ಅಂತ ಪುಟ್ಟ ಇಟ್ಟಿಗೆ ಕಟ್ಟಡ, ಒಳಗೆ ಕಡುನೀಲಿ ಗಾಜಿನ ಚೂರುಗಳ ಆಕಾಶ, 5ನೇ ಶತಮಾನದ್ದು.

ಈಗ ಕೆಲಸದ ಮಾತು. ಇಟಲಿಗೆ ಬೇಕಾಗುವ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯ ಗಳಿಗೆವರೆಗೆ ಕಾಯಬೇಡ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು ಇರಬೇಕು. ಬೊಲೊನ್ಯಾದಲ್ಲಿ ದೊಡ್ಡ ವ್ಯಾಪಾರ ಮೇಳ ಇದ್ದ ವಾರ ರೂಮ್ ರೇಟ್ ಏರುತ್ತೆ, ದಿನ ನೋಡಿಕೊಂಡು ಹಾಕು. ಪ್ಯಾಸೆಂಜರ್ ರೈಲಿಗೆ ಕಾಗದದ ಟಿಕೆಟ್ ತೆಗೆದುಕೊಂಡರೆ ಹತ್ತುವ ಮುಂಚೆ ಸ್ಟೇಷನ್ನಿನ ಚಿಕ್ಕ ಮೆಷಿನ್‌ನಲ್ಲಿ ಮುದ್ರೆ ಹಾಕಿಸು, ಇಲ್ಲದಿದ್ದರೆ ದಂಡ.

ಎಲ್ಲಕ್ಕಿಂತ ಮೊದಲು ಪಾದುವಾದ ಸ್ಕ್ರೊವೆಞಿ ಚಾಪೆಲ್ ಬುಕ್ ಮಾಡು. ಜೊತ್ತೋ ಅನ್ನುವ ಚಿತ್ರಕಾರ 1305ರ ಸುಮಾರಿಗೆ ಗೋಡೆ ತುಂಬಾ ಬರೆದ ಚಿತ್ರಗಳು ಅಲ್ಲಿವೆ. ಒಳಗಿನ ಗಾಳಿ ಕೆಡಬಾರದು ಅಂತ ಒಂದು ಕೋಣೆಯಲ್ಲಿ ಕಾಯಿಸಿ, ಸಣ್ಣ ಗುಂಪಾಗಿ ಕಾಲು ಗಂಟೆಯಷ್ಟೇ ಬಿಡುತ್ತಾರೆ. ಆ ಟಿಕೆಟ್ ಯಾವ ದಿನಕ್ಕೆ ಸಿಗುತ್ತೋ ಗ್ರೂಪಿಗೆ ಹಾಕು, ಮಿಕ್ಕ ದಿನಗಳನ್ನು ಅದರ ಸುತ್ತ ಜೋಡಿಸೋಣ.