ಹಾಡು ಬರುತ್ತದೆ, ಸಿನಿಮಾ ಬರುವುದಿಲ್ಲ: ಟಿವಿಯಲ್ಲಿ ಎಚ್‌ಡಿಸಿಪಿ ದೋಷ

ಬಣಕಲ್ ತೋಟದಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ತಾಲ್ಲೂಕಿನ ಬಣಕಲ್ ಹತ್ತಿರದ ಮನೆ. ಈ ಯುಗಾದಿಗೆ ಹೊಸ 4ಕೆ ಟಿವಿಯನ್ನೂ ಅದರ ಜೊತೆಗೆ ಒಂದು 4ಕೆ ಸ್ಟ್ರೀಮಿಂಗ್ ಸ್ಟಿಕ್ಕನ್ನೂ ಕೊಂಡೆವು. ಮನೆಯಲ್ಲಿ ಏಳೆಂಟು ವರ್ಷದ ಹಳೆಯ ಸೌಂಡ್‌ಬಾರ್ ಇತ್ತು. ಧ್ವನಿ ಚೆನ್ನಾಗಿರಲಿ ಎಂದು ಸ್ಟಿಕ್ಕನ್ನು ಅದರ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸಿ, ಅಲ್ಲಿಂದ ಟಿವಿಗೆ ಕೇಬಲ್ ಎಳೆದಿದ್ದೇನೆ. ಸ್ಟಿಕ್ಕಿಗೆ ಕರೆಂಟು ಟಿವಿಯ ಹಿಂದಿನ ಯುಎಸ್‌ಬಿಯಿಂದಲೇ ಬರುತ್ತದೆ.

ಮೆನು ಸ್ಪಷ್ಟವಾಗಿ ಕಾಣುತ್ತದೆ, ಯೂಟ್ಯೂಬಿನ ಹಾಡುಗಳೂ ಬರುತ್ತವೆ. ಆದರೆ ಚಂದಾ ಕಟ್ಟಿದ ಆ್ಯಪ್‌ನಲ್ಲಿ 4ಕೆ ಸಿನಿಮಾ ಹಾಕಿದರೆ ಐದಾರು ಸೆಕೆಂಡಿಗೆ ಪರದೆ ಕಪ್ಪಾಗಿ, ಎಚ್‌ಡಿಸಿಪಿ ದೋಷವೆಂದು ಇಂಗ್ಲಿಷಿನಲ್ಲಿ ಒಂದು ಸಾಲು ಮೂಡುತ್ತದೆ. "ಹಾಡು ಬರ್ತದೆ, ಸಿನಿಮಾ ಬರಲ್ಲ, ಇದೆಂಥದು ಟಿವಿ?" ಎಂದು ಅಮ್ಮ ದಿನವೂ ಕೇಳುತ್ತಾರೆ. ಹಳೆಯ ಎಚ್‌ಡಿ ಸಿನಿಮಾಗಳು ಸಾಮಾನ್ಯವಾಗಿ ಬರುತ್ತವೆಯಾದರೂ, ಕರೆಂಟು ಹೋಗಿ ಇನ್ವರ್ಟರ್ ಹಿಡಿದ ಮೇಲೆ ಅವೂ ನಿಂತುಬಿಡುತ್ತವೆ. ಅಂಗಡಿಯವರು "ಎಚ್‌ಡಿಸಿಪಿ 2.2 ಕೇಬಲ್" ಎಂದು ಹೇಳಿ ದುಬಾರಿ ಕೇಬಲ್ ಕೊಟ್ಟರು, ಅದರಿಂದ ಏನೂ ಬದಲಾಗಲಿಲ್ಲ. ಬಲ್ಲವರು ದಾರಿ ತೋರಿಸಬೇಕಾಗಿ ವಿನಂತಿ.

ಕಡೂರು ಓದುಗ:
ಆ್ಯಪ್ ತೆಗೆದು ಮತ್ತೆ ಹಾಕಿ ನೋಡಿ ಸರ್. ಆಗದಿದ್ದರೆ ಸ್ಟಿಕ್ಕನ್ನು ಫ್ಯಾಕ್ಟರಿ ರೀಸೆಟ್ ಮಾಡಿ. ನಮ್ಮ ಮನೆಯಲ್ಲಿ ಹಾಗೆಯೇ ಸರಿಹೋಯಿತು.

ಹಾಸನ ರಿಪೇರಿ:
ಸದ್ಯಕ್ಕೆ ರೀಸೆಟ್ ಬೇಡ. ಎಲ್ಲ ಪಾಸ್‌ವರ್ಡ್‌ಗಳನ್ನೂ ಮತ್ತೆ ಹಾಕುವ ಕೆಲಸ ಹೆಚ್ಚುತ್ತದೆ. ತೊಂದರೆ ಇರುವುದು ಆ್ಯಪ್‌ನಲ್ಲಿ ಅಲ್ಲ, ದಾರಿಯಲ್ಲಿ.

ಎಚ್‌ಡಿಸಿಪಿ ಎಂಬುದು ಇಂಟೆಲ್ ಕಂಪನಿ ರೂಪಿಸಿದ ಬೀಗದ ವ್ಯವಸ್ಥೆ. ಸಿನಿಮಾ ಕಳಿಸುವ ಮುನ್ನ ಸ್ಟಿಕ್ಕು ಎಚ್‌ಡಿಎಂಐ ಕೇಬಲ್ಲಿನೊಳಗಿನ ಒಂದು ಸಣ್ಣ ತಂತಿಜೋಡಿಯ ಮೂಲಕ ಮುಂದಿನ ಸಾಧನವನ್ನು "ನಿನ್ನ ಬಳಿ ಕೀಲಿ ಇದೆಯೇ" ಎಂದು ಕೇಳುತ್ತದೆ, ಸರಿಯಾದ ಉತ್ತರ ಬಂದರೆ ಮಾತ್ರ ಚಿತ್ರವನ್ನು ಬೀಗ ಹಾಕಿ ಕಳಿಸುತ್ತದೆ. ಮೆನುವಿಗೂ ಯೂಟ್ಯೂಬಿನ ಸಾಮಾನ್ಯ ಹಾಡಿಗೂ ಈ ಬೀಗ ಕಡ್ಡಾಯವಲ್ಲವಾದ್ದರಿಂದ ಅವು ನಿಮಗೆ ಕಾಣುತ್ತಿವೆ. 2013ರಲ್ಲಿ ಬಂದ 2.2 ಆವೃತ್ತಿಯಲ್ಲಿ ನಿಯಮ ಬಿಗಿಯಾಯಿತು: ಎದುರಿನ ಸಾಧನ 20 ಮಿಲಿಸೆಕೆಂಡಿನೊಳಗೆ ಉತ್ತರಿಸಬೇಕು, ಮತ್ತು 4ಕೆ ಸಿನಿಮಾಕ್ಕೆ ನಡುವಿನ ಸಾಧನವೂ ಸೇರಿ ಸಾಲಿನಲ್ಲಿರುವ ಪ್ರತಿಯೊಂದೂ 2.2 ಬಲ್ಲದ್ದಾಗಿರಬೇಕು. ಟಿವಿ ಎಷ್ಟೇ ಹೊಸದಿದ್ದರೂ ನಡುವೆ ಕುಳಿತ ಹಳೆಯ ಸೌಂಡ್‌ಬಾರ್ ಎಚ್‌ಡಿಸಿಪಿಯ ಹಿಂದಿನ 1.4 ಆವೃತ್ತಿಯದ್ದಾಗಿದ್ದರೆ ಸ್ಟಿಕ್ಕು ಅಲ್ಲಿಯೇ ಕೈಕಟ್ಟಿ ನಿಲ್ಲುತ್ತದೆ. ನಿಮ್ಮ ಮನೆಯಲ್ಲಿ ಆಗಿರುವುದು ಬಹುತೇಕ ಇದೇ.

ಪರೀಕ್ಷೆ ಸುಲಭವಾಗಿದೆ. ಸ್ಟಿಕ್ಕಿನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 4ಕೆ ಬದಲು 1080ಪಿ ಆರಿಸಿ ಅದೇ ಸಿನಿಮಾ ಹಾಕಿ. ಬಂದರೆ ಆವೃತ್ತಿಯ ಅನುಮಾನ ಗಟ್ಟಿಯಾಗುತ್ತದೆ. ಬಳಿಕ ಸೌಂಡ್‌ಬಾರನ್ನು ಪೂರ್ತಿ ಬಿಟ್ಟು ಸ್ಟಿಕ್ಕನ್ನು ನೇರವಾಗಿ ಟಿವಿಗೇ ಸಿಕ್ಕಿಸಿ, 4ಕೆ ಇಟ್ಟು ನೋಡಿ. ಆದರೆ ಯಾವ ಕಿಂಡಿಗೆ ಎಂಬುದನ್ನು ಗಮನಿಸಬೇಕು, ಏಕೆಂದರೆ ಕೆಲವು ಟಿವಿಗಳಲ್ಲಿ ಎಲ್ಲ ಎಚ್‌ಡಿಎಂಐ ಕಿಂಡಿಗಳಿಗೂ 2.2 ಇರುವುದಿಲ್ಲ, ಟಾರ್ಚ್ ಹಿಡಿದು ಹಿಂಭಾಗ ನೋಡಿದರೆ ಕಿಂಡಿಯ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿರಬಹುದು.

ಕೇಬಲ್ ವಿಷಯ: ಕೇಬಲ್ಲಿಗೆ ಎಚ್‌ಡಿಸಿಪಿ ಆವೃತ್ತಿ ಎಂಬುದೇ ಇಲ್ಲ, ಅಂಗಡಿಯವರ ಮಾತನ್ನು ಮರೆತುಬಿಡಿ. ಕೇಬಲ್ಲಿಗೆ 4ಕೆ ಹೊರುವ ಶಕ್ತಿ ಇಲ್ಲದಿದ್ದರೆ ಮೆನುವಿನಲ್ಲೂ ಚುಕ್ಕಿ ಮಿನುಗುತ್ತದೆ, ಯೂಟ್ಯೂಬಿನಲ್ಲೂ ಚಿತ್ರ ಹೋಗಿ ಬರುತ್ತದೆ. ಕಾಸು ಕೊಟ್ಟ ಸಿನಿಮಾ ಮಾತ್ರ ನಿಂತರೆ ಕೇಬಲ್ಲಿನ ಮೇಲೆ ಅನುಮಾನ ಕೊನೆಗೆ. ಮಲೆನಾಡಿನಲ್ಲಿ ಒಂದು ಮಾತು ಸೇರಿಸಬೇಕು: ಎರಡು ಮಳೆಗಾಲ ಕಂಡ ಕೇಬಲ್ಲಿನ ಮೂತಿಯಲ್ಲಿ ಹಸಿರು ಕಿಲುಬು ಕೂತಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನಿಮ್ಮದು ಹೊಸದಾದ್ದರಿಂದ ಆ ಭಯವಿಲ್ಲ.

ಕರೆಂಟು ಹೋದಾಗ ಆಗುವುದು ಬೇರೆಯೇ ದೋಷ, ಇದರ ಜೊತೆ ಕಲಸಿಕೊಂಡಿದೆ. ಟಿವಿಯ ಯುಎಸ್‌ಬಿ ಸಾಮಾನ್ಯವಾಗಿ 500 ಮಿಲಿ ಆಂಪಿಯರ್ ಕೊಡುತ್ತದೆ. ಸ್ಟಿಕ್ಕಿನ ಜೊತೆ ಬರುವ ಅಡಾಪ್ಟರ್ ಕೊಡುವುದು ಸಾಮಾನ್ಯವಾಗಿ 1 ಆಂಪಿಯರ್, ಅಂದರೆ ಟಿವಿಯಿಂದ ಸ್ಟಿಕ್ಕಿಗೆ ಸಾಕಷ್ಟು ಕರೆಂಟು ಸಿಗದೆ ಹೋಗಬಹುದು. ಇನ್ವರ್ಟರ್ ಹಿಡಿಯುವ ಆ ಕ್ಷಣದಲ್ಲಿ ಒಂದು ಸಾಧನ ಎದ್ದು ಇನ್ನೊಂದು ಅರ್ಧ ನಿದ್ದೆಯಲ್ಲಿದ್ದರೆ ಕೀಲಿಯ ಮಾತುಕತೆ ತಪ್ಪುತ್ತದೆ, ಮತ್ತೆ ತಾನಾಗಿ ಶುರುವಾಗುವುದಿಲ್ಲ. ಅಡಾಪ್ಟರನ್ನು ಗೋಡೆಯ ಪ್ಲಗ್ಗಿಗೇ ಹಾಕಿ. ಆದರೂ ದೋಷ ಬಂದ ದಿನ ರಿಮೋಟಿನಿಂದ ಆಫ್ ಮಾಡಿದರೆ ಸಾಲದು. ಎಲ್ಲದರ ಪ್ಲಗ್ ಕಿತ್ತು ಐದು ನಿಮಿಷ ಬಿಟ್ಟು, ಮೊದಲು ಟಿವಿ, ಅದು ಪೂರ್ತಿ ಎದ್ದ ಮೇಲೆ ಸ್ಟಿಕ್ಕು, ಈ ಕ್ರಮದಲ್ಲಿ ಹಾಕಿ.

ಸೌಂಡ್‌ಬಾರ್ ಎಸೆಯಬೇಕಿಲ್ಲ. ಅದರ ಎಚ್‌ಡಿಎಂಐ ಔಟ್‌ನ ಮೇಲೆ ಎಆರ್‌ಸಿ (ಟಿವಿಯ ಧ್ವನಿಯನ್ನು ಅದೇ ಕೇಬಲ್ಲಿನಲ್ಲಿ ಸೌಂಡ್‌ಬಾರ್‌ಗೆ ಕಳಿಸುವ ಸೌಲಭ್ಯ) ಎಂದು ಬರೆದಿದ್ದರೆ ಅಲ್ಲಿಂದ ಟಿವಿಯ ಎಆರ್‌ಸಿ ಕಿಂಡಿಗೆ ಕೇಬಲ್ ಹಾಕಿ. ಚಿತ್ರ ಸ್ಟಿಕ್ಕಿನಿಂದ ನೇರ ಟಿವಿಗೆ, ಧ್ವನಿ ಮಾತ್ರ ಟಿವಿಯಿಂದ ಸೌಂಡ್‌ಬಾರ್‌ಗೆ. ಟಿವಿಯ ಸೆಟ್ಟಿಂಗ್‌ನಲ್ಲಿ ಸಿಇಸಿ (ಎಚ್‌ಡಿಎಂಐ ಸಾಧನಗಳು ಒಂದನ್ನೊಂದು ನಿಯಂತ್ರಿಸುವ ಸೌಲಭ್ಯ) ಆನ್ ಇರಲಿ.

ಕಡೂರು ಓದುಗ:
ಇಷ್ಟೆಲ್ಲ ಬಿಚ್ಚುವ ಬದಲು ಎಚ್‌ಡಿಸಿಪಿಯನ್ನೇ ಕಳಚುವ ಸ್ಪ್ಲಿಟರ್ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದಂತೆ. ಅದನ್ನು ನಡುವೆ ಹಾಕಬಾರದೇ?

ಹಾಸನ ರಿಪೇರಿ:
ಬೇಡ. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ರಕ್ಷಣೆಯನ್ನು ಮುರಿದರೆ, 2012ರ ತಿದ್ದುಪಡಿಯಲ್ಲಿ ಸೇರಿದ ಕೃತಿಸ್ವಾಮ್ಯ ಕಾಯ್ದೆಯ 65ಎ ಕಲಮಿನಡಿ ಎರಡು ವರ್ಷದವರೆಗೆ ಶಿಕ್ಷೆ ಇದೆ. ನೀವು ಚಂದಾ ಕಟ್ಟಿ ಮನೆಯಲ್ಲೇ ನೋಡುವವರು, ಆ ಉದ್ದೇಶ ನಿಮಗಿಲ್ಲ ಎಂಬುದು ಸರಿ. ಆದರೆ ಒಂದು ಕೇಬಲ್ ಬದಲಿಸಿ ಹಾಕಿದರೆ ಮುಗಿಯುವ ಕೆಲಸಕ್ಕೆ ಆ ವ್ಯಾಜ್ಯವಾದರೂ ಏಕೆ? ಅಲ್ಲದೆ ಸಾಲಿನಲ್ಲಿ ಇನ್ನೊಂದು ಡಬ್ಬ ಹೆಚ್ಚಿದರೆ ಕೆಡುವ ಜಾಗವೂ ಒಂದು ಹೆಚ್ಚುತ್ತದೆ.

ಬಣಕಲ್ ತೋಟದಮನೆ:
ನೀವು ಹೇಳಿದಂತೆಯೇ ಮಾಡಿದೆ ಸರ್. 1080ಪಿ ಇಟ್ಟಾಗ ಸಿನಿಮಾ ಬಂತು, 4ಕೆ ಇಟ್ಟಾಗ ನಿಂತಿತು. ಟಾರ್ಚ್ ಹಾಕಿ ನೋಡಿದರೆ ಮೂರು ಕಿಂಡಿಗಳ ಪೈಕಿ ಎರಡರ ಪಕ್ಕದಲ್ಲಿ ಮಾತ್ರ 2.2 ಎಂದಿತ್ತು, ನಾನು ಬಳಸುತ್ತಿದ್ದದ್ದು ಮೂರನೆಯದು, ಅಂದರೆ ಸೌಂಡ್‌ಬಾರ್ ಹೊಸದಿದ್ದರೂ ಅಲ್ಲಿ ನಿಲ್ಲುತ್ತಿತ್ತು! ಈಗ ಸ್ಟಿಕ್ಕು ನೇರವಾಗಿ 2.2 ಇರುವ ಕಿಂಡಿಯೊಂದರಲ್ಲಿ, ಸೌಂಡ್‌ಬಾರ್ ಎಆರ್‌ಸಿಯಲ್ಲಿ ಇವೆ. ಅಡಾಪ್ಟರ್ ಗೋಡೆಗೆ ಹಾಕಿದ ಮೇಲೆ ನಿನ್ನೆ ಸಂಜೆ ಗುಡುಗಿಗೆ ಮೂರು ಸಲ ಕರೆಂಟು ಹೋಯಿತು, ಒಂದು ಸಲವೂ ದೋಷ ಬರಲಿಲ್ಲ. ಅಮ್ಮ ಪೂರ್ತಿ ಸಿನಿಮಾ ನೋಡಿದರು. ಒಂದೇ ಕೊರತೆ: ಮಾತು ತುಟಿಗಿಂತ ತುಸು ಹಿಂದೆ ಬರುತ್ತಿದೆ.

ಹಾಸನ ರಿಪೇರಿ:
ಗುಡುಗು ಬಂದಾಗ ಪ್ಲಗ್ ಕಿತ್ತಿಡಿ, ಸಿನಿಮಾ ಆಮೇಲೆ ನೋಡಬಹುದು. ಸಿಡಿಲಿಗೆ ಹೋದ ಎಚ್‌ಡಿಎಂಐ ಕಿಂಡಿಗೆ ಬೋರ್ಡನ್ನೇ ಬದಲಿಸಬೇಕಾಗುತ್ತದೆ. ಧ್ವನಿಗೆ ಟಿವಿಯ ಆಡಿಯೊ ಔಟ್‌ಪುಟ್ಟಿನಲ್ಲಿ ಪಿಸಿಎಂ (ಸಂಕುಚಿಸದ ಧ್ವನಿ) ಆರಿಸಿ ನೋಡಿ. ಆಗಲೂ ಹಿಂದೆ ಬಿದ್ದರೆ ಸೌಂಡ್‌ಬಾರ್‌ನಲ್ಲಿ ಆಡಿಯೊ ಡಿಲೇ ಸೊನ್ನೆಯಲ್ಲಿದೆಯೇ ಎಂದು ನೋಡಿ, ಎಷ್ಟಿತ್ತೆಂದು ಇಲ್ಲಿ ತಿಳಿಸಿ.